ಮಗುವಿನ ಆಟದ ಕೋಣೆಗೆ ನೆಲಹಾಸು: ಪದರ ಬಿಡಿಸಿ ನೋಡಿ ಆರಿಸುವ ಬಗೆ

ಅಂಗಡಿಯಲ್ಲಿ ನಾವು ನೆಲಹಾಸನ್ನು ನಿಂತುಕೊಂಡು ಆರಿಸುತ್ತೇವೆ. ಬಣ್ಣ, ಹೊಳಪು, ಗೆರೆಗಳ ಅಂದ ಇಷ್ಟೇ ಕಣ್ಣಿಗೆ ಬೀಳುತ್ತವೆ. ಅದನ್ನು ದಿನವಿಡೀ ಬಳಸಬೇಕಾದ ಮಗುವಾದರೋ ಅದರ ಮೇಲೆ ಹೊಟ್ಟೆಯೂರಿ ಮಲಗುತ್ತದೆ, ಕೆನ್ನೆ ತಾಗಿಸಿಕೊಂಡು ಆಟದ ಕಾರಿನ ಗಾಲಿ ನೋಡುತ್ತದೆ, ಬಿದ್ದ ತಿಂಡಿಯ ಚೂರನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾರೆ, ಅಂಬೆಗಾಲಿನ ವಯಸ್ಸಿನಲ್ಲಿ ಅವರ ಮೂಗು ನೆಲದಿಂದ ಒಂದೆರಡು ಗೇಣಿನಷ್ಟೇ ಮೇಲಿರುತ್ತದೆ, ಕೈ ಬಾಯಿಗೆ ಹೋಗುವುದಕ್ಕಂತೂ ಲೆಕ್ಕವಿಲ್ಲ.

ಹೀಗಾಗಿ ನೆಲದಲ್ಲಿರುವ ರಾಸಾಯನಿಕಗಳು ಮಗುವನ್ನು ಎರಡು ದಾರಿಗಳಿಂದ ತಲುಪುತ್ತವೆ. ಫಾರ್ಮಾಲ್ಡಿಹೈಡ್‌ನಂತೆ ಸುಲಭವಾಗಿ ಆವಿಯಾಗುವ ವಸ್ತುಗಳು ಗಾಳಿಯ ಮೂಲಕ ಬರುತ್ತವೆ. ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸುವ ಥ್ಯಾಲೇಟ್‌ಗಳು, ಹಳೆಯ ಬಣ್ಣದ ಸೀಸ, ಕಲೆ ಹಿಡಿಯದಂತೆ ಬಳಿಯುವ ಕೆಲವು ಫ್ಲೋರಿನ್ ಲೇಪನಗಳು ದೂಳಿಗೆ ಅಂಟಿಕೊಂಡು, ದೂಳಿನಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತವೆ. ಮೊದಲ ಗುಂಪನ್ನು ಮೂಗು ಆಗೊಮ್ಮೆ ಈಗೊಮ್ಮೆ ಹಿಡಿಯಬಹುದು. ಎರಡನೆಯ ಗುಂಪಿನ ಸುಳಿವು ಮೂಗಿಗೆ ಸಿಗುವುದಿಲ್ಲ. "ಮೂಸಿ ನೋಡಿ, ಏನೂ ವಾಸನೆಯಿಲ್ಲ" ಎಂದು ಮಾರಾಟಗಾರರು ಹೇಳಿದಾಗ ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ, ಮೇಲೆ ಕಾಣುವ ಪದರವನ್ನಷ್ಟೇ ನೋಡದೆ ಅದರ ಕೆಳಗಿನ ಹಲಗೆ, ಅಡಿಹಾಸು, ಅಂಟು, ಮೇಲಿನ ಪಾಲಿಶ್ ಎಲ್ಲವನ್ನೂ ಸೇರಿಸಿ ನೋಡುವುದು.

ಹಂತ 1: ಹೊಸದನ್ನು ಹುಡುಕುವ ಮೊದಲು ಹಳೆಯ ನೆಲವನ್ನು ನೋಡಿ

ಅತಿ ದೊಡ್ಡ ಅಪಾಯ ಕೆಲವೊಮ್ಮೆ ಹೊಸ ನೆಲಹಾಸಿನಲ್ಲಿರುವುದಿಲ್ಲ, ಹಳೆಯದನ್ನು ಕಿತ್ತು ತೆಗೆಯುವುದರಲ್ಲಿರುತ್ತದೆ. ಕಳೆದ ಶತಮಾನದ ನಡುಭಾಗದಿಂದ 1980ರ ದಶಕದವರೆಗೆ ಹಲವು ದೇಶಗಳಲ್ಲಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಬಿಲ್ಲೆಗಳಿಗೂ ಅವನ್ನು ಹಿಡಿದಿಟ್ಟ ಕಪ್ಪು ಅಂಟಿಗೂ ಕಲ್ನಾರನ್ನು (ಆಸ್ಬೆಸ್ಟಾಸ್, ಉಸಿರಿನಲ್ಲಿ ಒಳಹೋದರೆ ಶ್ವಾಸಕೋಶಕ್ಕೆ ಹಾನಿಮಾಡುವ ಖನಿಜದ ಎಳೆ) ಬೆರೆಸುತ್ತಿದ್ದರು. ಒಂಬತ್ತು ಅಂಗುಲದ ಚೌಕಾಕಾರದ ಹಳೆಯ ಬಿಲ್ಲೆಗಳು ಕಂಡರೆ ಅನುಮಾನಪಡಲು ಅದೇ ಸಾಕು. ಕಣ್ಣಿನಿಂದ ನೋಡಿ ಕಲ್ನಾರನ್ನು ಗುರುತಿಸಲಾಗುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಯೊಂದೇ ದಾರಿ. ಬಿಲ್ಲೆಗಳು ಒಡೆಯದೆ ಗಟ್ಟಿಯಾಗಿ ಕೂತಿದ್ದರೆ ಅವುಗಳಿಂದ ಎಳೆಗಳು ಗಾಳಿಗೆ ಬರುವುದು ತೀರ ಕಡಿಮೆ. ಆದ್ದರಿಂದ ಅವನ್ನು ಕೀಳದೆ, ಉಜ್ಜದೆ, ಮೊಳೆ ಹೊಡೆಯದೆ ಮೇಲೊಂದು ಹಾಸನ್ನು ಹಾಸಿಬಿಡುವುದೇ ಎಷ್ಟೋ ಸಲ ಜಾಣತನ.

ಹಳೆಯ ಮರದ ನೆಲಕ್ಕೆ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸವಿರುವ ಸಾಧ್ಯತೆಯಿದೆ. ಅದನ್ನು ಯಂತ್ರದಿಂದ ಉಜ್ಜಿದರೆ ಇಡೀ ಮನೆಗೆ ಸೀಸದ ದೂಳನ್ನು ಹರಡಿದಂತಾಗುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎನ್ನಬಹುದಾದ ಮಟ್ಟ ಯಾವುದೂ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಪರೀಕ್ಷೆ ಮಾಡಿಸದೆ ಉಜ್ಜುಕಾಗದವನ್ನು ಕೈಗೆತ್ತಿಕೊಳ್ಳಬೇಡಿ.

ಕಾಂಕ್ರೀಟ್ ನೆಲವಾದರೆ ತೇವವನ್ನು ಪರೀಕ್ಷಿಸಿ. ಸುಮಾರು ಅರ್ಧ ಮೀಟರ್ ಚೌಕದ, ಪಾರದರ್ಶಕವಾದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕೂ ಅಂಚುಗಳಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ, ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿಗಟ್ಟಿದ್ದರೆ ಅಥವಾ ಅದರಡಿಯ ನೆಲ ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ಒಳಗಿನಿಂದ ತೇವ ಏರುತ್ತಿದೆ ಎಂದರ್ಥ. ಹಾಳೆ ಒಣಗಿದ್ದಂತೆ ಕಂಡರೂ ನೆಲ ಪೂರ್ತಿ ಒಣಗಿದೆ ಎಂಬುದಕ್ಕೆ ಅದು ಖಾತರಿಯಲ್ಲ. ಹೊಸದಾಗಿ ಹಾಕಿದ ಕಾಂಕ್ರೀಟ್ ಆಗಿದ್ದರೆ ಉಪಕರಣದಿಂದ ಅಳೆಯಿಸುವುದು ಒಳ್ಳೆಯದು. ತೇವವೆಂದರೆ ಬೂಷ್ಟು ಎಂದಷ್ಟೇ ಹೆಚ್ಚಿನವರು ತಿಳಿದಿರುತ್ತಾರೆ. ಆದರೆ ಒದ್ದೆ ಕಾಂಕ್ರೀಟಿನ ಕ್ಷಾರ ವಿನೈಲಿನಲ್ಲಿರುವ ಮೆದುಕಾರಿಯನ್ನೂ (ಮೆತ್ತಗಾಗಿಸಲು ಬೆರೆಸುವ, ಥ್ಯಾಲೇಟ್‌ನಂಥ ವಸ್ತು) ಕೆಲವು ಅಂಟುಗಳನ್ನೂ ಒಡೆದು 2-ಈಥೈಲ್ ಹೆಕ್ಸನಾಲ್ ಎಂಬ ಆವಿಯನ್ನು ಹೊರಬಿಡಿಸುತ್ತದೆ. ಕಣ್ಣುರಿ, ಗಂಟಲುರಿ ಎಂಬ ದೂರುಗಳು ಈ ಆವಿ ಕಂಡುಬಂದ ಕಟ್ಟಡಗಳಿಂದ ಬಂದಿವೆ. ಹೊಸದಾಗಿದ್ದಾಗ ಒಳ್ಳೆಯದೇ ಆಗಿದ್ದ ನೆಲಹಾಸು ವರ್ಷಗಳ ಮೇಲೆ ಹೀಗೆ ಕೆಡಬಹುದು.

ಹಂತ 2: ಕೋಣೆಯ ಬಳಕೆಯನ್ನು ಬರೆದಿಟ್ಟುಕೊಳ್ಳಿ

ಇದಕ್ಕೆ ಹತ್ತು ನಿಮಿಷ ಸಾಕು. ಮಗು ಇನ್ನೂ ತೆವಳುತ್ತಿದೆಯೋ, ಮೇಜಿನಿಂದ ಜಿಗಿಯುವ ವಯಸ್ಸಿನದೋ, ಕೋಣೆಯಲ್ಲಿ ನೀರಿನಾಟ, ಬಣ್ಣದಾಟ ಇದೆಯೋ, ಕಿಟಕಿಗಳು ಎಷ್ಟು, ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆಯೋ, ಆಸ್ತಮಾ ಇರುವವರು ಮನೆಯಲ್ಲಿದ್ದಾರೆಯೋ. ಶಾಖ ಮತ್ತು ತೇವಾಂಶ ಹೆಚ್ಚಿದಷ್ಟೂ ಮರದ ಹಲಗೆಗಳಿಂದ ಫಾರ್ಮಾಲ್ಡಿಹೈಡ್ ಹೊರಬರುವುದು ಹೆಚ್ಚುವುದರಿಂದ, ಮಧ್ಯಾಹ್ನದ ಬಿಸಿಲು ಬೀಳುವ ಸಣ್ಣ ಮುಚ್ಚಿದ ಕೋಣೆಗೆ ಕಟ್ಟುನಿಟ್ಟಾದ ಆಯ್ಕೆ ಬೇಕು.

ಹಂತ 3: ಮಾದರಿ ತುಂಡನ್ನು ತಂದು ಕತ್ತರಿಸಿ

ಕೆಲವು ವರ್ಷಗಳ ಹಿಂದೆ ನಾನು "ಅಪ್ಪಟ ಕಾರ್ಕ್" ಎಂದು ನಂಬಿ ಒಂದು ಬಗೆಯ ಜೋಡಣೆ ಹಲಗೆಯನ್ನು ಹೆಚ್ಚುಕಡಿಮೆ ಖರೀದಿಸಿಯೇಬಿಟ್ಟಿದ್ದೆ. ಮಾದರಿಯ ಮೂಲೆಯನ್ನು ಗರಗಸದಿಂದ ಕೊಯ್ದು ಕಿಟಕಿಯ ಬೆಳಕಿಗೆ ಹಿಡಿದಾಗ ಒಳಗಿನದೆಲ್ಲ ಬಯಲಾಯಿತು: ಮೇಲೆ ಪಾರದರ್ಶಕ ಲೇಪನ, ಅದರಡಿ ಎರಡೂವರೆ ಮಿಲಿಮೀಟರ್ ಕಾರ್ಕ್, ನಡುವೆ ದಪ್ಪಕ್ಕೆ ಕಂದು ಬಣ್ಣದ, ಬೆರಳಿಗೆ ಹಿಟ್ಟಿನಂತೆ ಉದುರುವ ಮರದ ನಾರಿನ ಹಲಗೆ, ತಳದಲ್ಲಿ ಮತ್ತೊಂದು ತೆಳು ಕಾರ್ಕ್. ಸುಳ್ಳನ್ನು ಯಾರೂ ಹೇಳಿರಲಿಲ್ಲ. ಕೇಳಬೇಕಾದುದನ್ನು ನಾನು ಕೇಳಿರಲಿಲ್ಲ. ಆ ಕಂದು ಹಲಗೆಯನ್ನು ಯಾವ ರಾಳದಿಂದ, ಅಂದರೆ ನಾರುಗಳನ್ನು ಬೆಸೆಯುವ ಯಾವ ಅಂಟಿನಿಂದ, ಒತ್ತಿದ್ದಾರೆ ಎಂಬ ಪ್ರಶ್ನೆ ಆಗ ಹುಟ್ಟಿತು, ಅಂಗಡಿಯವರ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಅಂದಿನಿಂದ ಯಾವ ಮಾದರಿಯನ್ನಾದರೂ ಕತ್ತರಿಸಿ ಅಡ್ಡಕೊಯ್ತವನ್ನು ನೋಡುತ್ತೇನೆ. ಅದರ ಜೊತೆಗೆ ಇನ್ನೊಂದು ಸುಲಭ ಪ್ರಯೋಗವಿದೆ. ಒಂದು ತುಂಡನ್ನು ಚೆನ್ನಾಗಿ ತೊಳೆದು ಒಣಗಿಸಿದ ಗಾಜಿನ ಜಾಡಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಟ್ಟು, ತೆರೆದು ಮೂಸಿ; ಪಕ್ಕದಲ್ಲಿ ಇಂಥದೇ ಖಾಲಿ ಜಾಡಿಯೊಂದನ್ನು ಹೋಲಿಕೆಗೆ ಇಡಿ. ಮೂಗಿಗೆ ಹೊಡೆಯುವ ವಾಸನೆ ಬಂದರೆ ಆ ವಸ್ತುವನ್ನು ಕೈಬಿಡಲು ಅದು ಸಾಕಾದ ಕಾರಣ. ವಾಸನೆ ಬರದಿದ್ದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ, ಮುಂದಿನ ಹಂತಕ್ಕೆ ಹೋಗಬೇಕು ಅಷ್ಟೆ.

ಹಂತ 4: ವಸ್ತುಗಳನ್ನು ಒಂದೊಂದಾಗಿ ತೂಗಿ ನೋಡಿ

ಸೆರಾಮಿಕ್ ಮತ್ತು ಪೋರ್ಸಲೀನ್ ಟೈಲುಗಳನ್ನು ಸಾವಿರ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಸುಡುವುದರಿಂದ ಅವುಗಳಲ್ಲಿ ಆವಿಯಾಗಲು ಏನೂ ಉಳಿದಿರುವುದಿಲ್ಲ. ಗಾಳಿಯ ದೃಷ್ಟಿಯಿಂದ ಇವಕ್ಕೆ ಸಾಟಿಯಿಲ್ಲ. ಎಚ್ಚರಬೇಕಾದುದು ಟೈಲುಗಳ ಸಂದು ತುಂಬುವ ಗ್ರೌಟಿನ ಮೇಲೆ ಹಚ್ಚುವ ದ್ರಾವಕಯುಕ್ತ ಸೀಲರಿನ ಬಗ್ಗೆ, ಹಾಗೂ ಎಲ್ಲಿಂದಲೋ ಕಿತ್ತು ತಂದ ಹಳೆಯ ಅಲಂಕಾರಿಕ ಟೈಲುಗಳ ಬಗ್ಗೆ. ಅವುಗಳ ಮೆರುಗಿನಲ್ಲಿ ಸೀಸವಿರಬಹುದು. ಟೈಲಿನ ನಿಜವಾದ ಕೊರತೆ ಅದರ ಗಟ್ಟಿತನ. ತಲೆ ನೆಲಕ್ಕೆ ಬಡಿಯುವುದು ದಿನಕ್ಕೆರಡು ಸಲ ನಡೆಯುವ ಮನೆಯಲ್ಲಿ ರಾಸಾಯನಿಕವನ್ನು ತಪ್ಪಿಸಿ ಪೆಟ್ಟನ್ನು ಕೊಂಡುಕೊಂಡಂತಾಗಬಾರದು. ಒಗೆಯಬಹುದಾದ ದಪ್ಪ ಹತ್ತಿಯ ಜಮಖಾನವನ್ನು ಜಾರದಂತೆ ಹಾಸಿದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಈಗಾಗಲೇ ಗಟ್ಟಿಯಾದ ಟೈಲು ಅಥವಾ ಕಲ್ಲಿನ ನೆಲವಿರುವವರು ಅದನ್ನೇ ಉಳಿಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ.

ಇಡೀ ಮರದ ಹಲಗೆಗಳಲ್ಲಿ ರಾಳದ ಅಂಟು ಇಲ್ಲದಿರುವುದರಿಂದ ಪ್ರಶ್ನೆಯೆಲ್ಲ ಮೇಲಿನ ಪಾಲಿಶ್‌ನದು. ಕಾರ್ಖಾನೆಯಲ್ಲೇ ಅತಿನೇರಳೆ ಬೆಳಕಿನಿಂದ ಗಟ್ಟಿಗೊಳಿಸಿದ ಲೇಪನವಿದ್ದರೆ ಮನೆಯಲ್ಲಿ ಬಳಿಯುವ ವಾರ್ನಿಷ್‌ನ ರಗಳೆ ಇರುವುದಿಲ್ಲ. ಪದರ ಜೋಡಿಸಿದ ಮರದ ಹಲಗೆಗಳಲ್ಲಿ ಮೇಲೆ ಕೆಲವು ಮಿಲಿಮೀಟರ್ ಮಾತ್ರ ಒಳ್ಳೆಯ ಮರ, ಕೆಳಗೆ ಪ್ಲೈವುಡ್ ಅಥವಾ ನಾರಿನ ಹಲಗೆ ಇರುತ್ತದೆ. ಬಿದಿರಿನ ನೆಲಹಾಸನ್ನೂ ಇದೇ ಸಾಲಿಗೆ ಸೇರಿಸಿ: ಬಿದಿರು ಹುಲ್ಲಿನ ಜಾತಿಯದಾದ್ದರಿಂದ ಸೀಳುಗಳನ್ನು ಅಂಟಿನಲ್ಲಿ ಅದ್ದಿ ಒತ್ತದೆ ಅಗಲವಾದ ಹಲಗೆ ಸಿಗುವುದಿಲ್ಲ.

ಲ್ಯಾಮಿನೇಟ್ ಎಂದು ಮಾರುವುದು ಮರದ ಚಿತ್ರ ಮುದ್ರಿಸಿದ ಕಾಗದವನ್ನು ಮೆಲಮೈನ್ ರಾಳದಲ್ಲಿ ನೆನೆಸಿ ನಾರಿನ ಹಲಗೆಯ ಮೇಲೆ ಕೂರಿಸಿದ ವಸ್ತು. ನಾರಿನ ಹಲಗೆಯನ್ನು ಬೆಸೆಯಲು ಅಗ್ಗವೆಂದು ಬಹುಕಾಲದಿಂದ ಬಳಸುತ್ತಿರುವುದು ಯೂರಿಯಾ-ಫಾರ್ಮಾಲ್ಡಿಹೈಡ್ ರಾಳ. ತೇವ ತಾಗಿದಾಗ ಈ ರಾಳ ಒಡೆದು ಫಾರ್ಮಾಲ್ಡಿಹೈಡನ್ನು ಬಿಡುತ್ತಿರುತ್ತದೆ, ಅದೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯಲ್ಲಿ ಕಾಣಸಿಗುವ ಮಟ್ಟದಲ್ಲಿ ಮೊದಲು ಕಾಡುವುದು ಕಣ್ಣು, ಮೂಗು, ಗಂಟಲಿನ ಉರಿ. ಫೀನಾಲ್-ಫಾರ್ಮಾಲ್ಡಿಹೈಡ್ ರಾಳ ಇದಕ್ಕಿಂತ ಸ್ಥಿರವಾದದ್ದು. ಫಾರ್ಮಾಲ್ಡಿಹೈಡ್ ಬೆರೆಸದೆಯೇ ತಯಾರಿಸಿದ ಹಲಗೆಗಳೂ ಈಗ ಸಿಗುತ್ತವೆ. ಲ್ಯಾಮಿನೇಟನ್ನೇ ಆರಿಸುವುದಾದರೆ ಅಂಥದನ್ನು ಕೇಳಿ ಪಡೆಯಿರಿ.

ವಿನೈಲ್ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ನೀರಿಗೆ ಜಗ್ಗದ, ಮೆತ್ತಗಿನ, ಒರೆಸಲು ಸುಲಭವಾದ ವಸ್ತುವೆಂದು ಮಕ್ಕಳ ಕೋಣೆಗೆ ಎಲ್ಲರೂ ಸೂಚಿಸುವುದು ಅದನ್ನೇ. ವಿನೈಲ್ ಎಂದರೆ ಪಿವಿಸಿ. ಹುಟ್ಟಿನಲ್ಲಿ ಅದು ಗಡಸು. ಸುರುಳಿ ಸುತ್ತುವಷ್ಟು ಮೆತ್ತಗಾಗಬೇಕಾದರೆ ಮೆದುಕಾರಿಯನ್ನು ತೂಕದಲ್ಲಿ ಗಣನೀಯವಾಗಿಯೇ ಬೆರೆಸಬೇಕು. ಅದು ಪ್ಲಾಸ್ಟಿಕ್ಕಿನೊಂದಿಗೆ ರಾಸಾಯನಿಕವಾಗಿ ಬೆಸೆದಿರುವುದಿಲ್ಲವಾದ್ದರಿಂದ ನಿಧಾನವಾಗಿ ಹೊರಬಂದು ದೂಳಿನಲ್ಲಿ ಸೇರುತ್ತದೆ. 2004ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ಮಕ್ಕಳ ಮಲಗುವ ಕೋಣೆಯ ದೂಳಿನಲ್ಲಿದ್ದ ಕೆಲವು ಥ್ಯಾಲೇಟ್‌ಗಳಿಗೂ ಆ ಮಕ್ಕಳ ಆಸ್ತಮಾ ಮತ್ತು ಅಲರ್ಜಿಯ ಲಕ್ಷಣಗಳಿಗೂ ನಂಟನ್ನು ಗುರುತಿಸಿತು. ನಂಟು ಕಂಡ ಮಾತ್ರಕ್ಕೆ ಕಾರಣ ಸಿದ್ಧವಾಗುವುದಿಲ್ಲ, ಆದರೆ ಎಚ್ಚರ ವಹಿಸಲು ಅಷ್ಟು ಸಾಕು. ಐರೋಪ್ಯ ಒಕ್ಕೂಟವು 2020ರ ಜುಲೈನಿಂದ ನಾಲ್ಕು ಥ್ಯಾಲೇಟ್‌ಗಳನ್ನು ನೆಲಹಾಸೂ ಸೇರಿದಂತೆ ಹೆಚ್ಚಿನ ಬಳಕೆಯ ವಸ್ತುಗಳಲ್ಲಿ ಒಟ್ಟು ಶೇ 0.1ಕ್ಕೆ ಮಿತಿಗೊಳಿಸಿದೆ. ಹಾಗಾಗಿ ಮಾರಾಟಗಾರರಿಂದ "ಆರ್ಥೋ-ಥ್ಯಾಲೇಟ್ (ಈ ನಾಲ್ಕೂ ಸೇರುವ ಗುಂಪು) ಇಲ್ಲ" ಎಂಬ ಲಿಖಿತ ಹೇಳಿಕೆಯನ್ನು ಕೇಳುವುದು ಅತಿಯಾದ ಬೇಡಿಕೆಯಲ್ಲ. ಮರುಬಳಕೆಯ ಪಿವಿಸಿ ಬೆರೆಸಿದ ಹಾಸುಗಳ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಬೇಕು: ಹಳೆಯ ಕೇಬಲ್ ಮತ್ತು ಹಳೆಯ ನೆಲಹಾಸುಗಳಲ್ಲಿದ್ದ ಸೀಸ, ಥ್ಯಾಲೇಟ್‌ಗಳು ಹೊಸ ಹಲಗೆಯ ಒಡಲಿಗೆ ಮರಳಿ ಬರಬಹುದು. ಪರಿಸರಕ್ಕೆ ಒಳ್ಳೆಯದೆಂಬ ಹೆಸರು ಇಲ್ಲಿ ಮಗುವಿನ ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಲಿನೋಲಿಯಂ ಮತ್ತು ವಿನೈಲ್ ಒಂದೇ ಎಂದು ಅಂಗಡಿಯವರೂ ಹೇಳುವುದುಂಟು, ಅದು ತಪ್ಪು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಫ್ರೆಡರಿಕ್ ವಾಲ್ಟನ್ ರೂಪಿಸಿದ ಲಿನೋಲಿಯಂ ಗಾಳಿಗೊಡ್ಡಿ ಗಟ್ಟಿಮಾಡಿದ ಅಗಸೆ ಎಣ್ಣೆ, ಮರದ ರಾಳ, ಕಾರ್ಕ್ ಮತ್ತು ಮರದ ಪುಡಿ, ಸುಣ್ಣಕಲ್ಲಿನ ಪುಡಿಗಳನ್ನು ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿದ ಹಾಸು. ಇದರಲ್ಲಿ ಮೆದುಕಾರಿಯ ಪ್ರಶ್ನೆಯೇ ಬರುವುದಿಲ್ಲ. ಹೊಸದಾಗಿದ್ದಾಗ ಅಗಸೆ ಎಣ್ಣೆಯ ವಾಸನೆ ಕೆಲವು ವಾರ ಇರುತ್ತದೆ, ಆ ವಾಸನೆಯೂ ಫಾರ್ಮಾಲ್ಡಿಹೈಡ್‌ನ ಬಳಗದ ಆಲ್ಡಿಹೈಡ್‌ಗಳದೇ. ಸಹಜ ವಸ್ತುವಾದ ಮಾತ್ರಕ್ಕೆ ಗಾಳಿಯಾಡಿಸುವ ಕೆಲಸ ತಪ್ಪುವುದಿಲ್ಲ. ಕಾರ್ಕ್ ಮರದ ತೊಗಟೆಯಿಂದ ಬರುತ್ತದೆ. ಮರವನ್ನು ಕಡಿಯದೆ ಸುಮಾರು ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿಯುತ್ತಾರೆ. ಬೆಚ್ಚಗೆ, ಮೆತ್ತಗೆ, ಬಿದ್ದರೆ ಪೆಟ್ಟು ಹೀರಿಕೊಳ್ಳುವಂತೆ ಇರುವ ನೆಲ ಬೇಕೆಂದರೆ, ನಾರಿನ ಹಲಗೆಯಿಲ್ಲದ, ನೆಲಕ್ಕೆ ನೇರವಾಗಿ ಅಂಟಿಸುವ ಇಡೀ ಕಾರ್ಕ್ ಬಿಲ್ಲೆಗಳೇ ನನ್ನ ಮೊದಲ ಆಯ್ಕೆ.

ಟೈರಿನ ಚೂರುಗಳಿಂದ ಮಾಡಿದ ರಬ್ಬರ್ ಹಾಸುಗಳು ಮನೆಯೊಳಗೆ ಬೇಡ. ಬಿಸಿಯಾದಾಗ ಅವುಗಳ ವಾಸನೆಯೇ ಹೇಳುತ್ತದೆ, ಜೊತೆಗೆ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳೂ (ಇವುಗಳಲ್ಲಿ ಕೆಲವು ಕ್ಯಾನ್ಸರ್ ತರಬಲ್ಲವು) ಸತುವೂ ಇರುತ್ತವೆ. ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಲೆನಿರೋಧಕ ಲೇಪನವಿದ್ದರೆ ಅದೂ ಒಂದು ತಲೆನೋವು. ಒಂದಕ್ಕೊಂದು ಸಿಕ್ಕಿಸುವ ಬಣ್ಣಬಣ್ಣದ ಈವಿಎ (ಒಂದು ಬಗೆಯ ಮೆತ್ತನೆಯ ಪ್ಲಾಸ್ಟಿಕ್) ನೊರೆ ಚಾಪೆಗಳ ಕಥೆ ಬೇರೆ. ಅವುಗಳಲ್ಲಿ ಫಾರ್ಮಮೈಡ್ ಎಂಬ, ಸಂತಾನೋತ್ಪತ್ತಿಗೆ ಹಾನಿಕರವೆಂದು ವರ್ಗೀಕರಿಸಿದ ವಸ್ತು ಸಿಕ್ಕಿದ್ದರಿಂದ ಬೆಲ್ಜಿಯಂ ಮತ್ತು ಫ್ರಾನ್ಸ್ 2010-11ರ ಸುಮಾರಿಗೆ ಅವುಗಳ ಮಾರಾಟದ ಮೇಲೆ ಕ್ರಮ ಕೈಗೊಂಡವು. ಈಗ ಫಾರ್ಮಮೈಡ್ ಪರೀಕ್ಷೆ ಆದ ಚಾಪೆಗಳು ಸಿಗುತ್ತವೆ. ವರದಿ ತೋರಿಸಲಾಗದ ಚಾಪೆಯನ್ನು ಬಿಟ್ಟುಬಿಡಿ.

ಹಂತ 5: ಪ್ರಮಾಣಪತ್ರದಲ್ಲಿ ಏನಿದೆ, ಏನಿಲ್ಲ ಎಂದು ಓದಿ

ಪೆಟ್ಟಿಗೆಯ ಮೇಲಿನ ಹಸಿರು ಎಲೆಯ ಚಿತ್ರಕ್ಕೆ ಬೆಲೆಯಿಲ್ಲ. ಫ್ಲೋರ್‌ಸ್ಕೋರ್, ಗ್ರೀನ್‌ಗಾರ್ಡ್ ಗೋಲ್ಡ್, ಜರ್ಮನಿಯ ಬ್ಲೂ ಏಂಜೆಲ್ ಮುಂತಾದವು ತಯಾರಕರಲ್ಲದ ಮೂರನೆಯವರು ಪರೀಕ್ಷಿಸಿ ಕೊಡುವ ಗುರುತುಗಳು. ಮರದ ಹಲಗೆಗಳಿಗೆ ಯುರೋಪಿನ ಇ1 ದರ್ಜೆ ಘನ ಮೀಟರ್ ಗಾಳಿಗೆ 124 ಮೈಕ್ರೊಗ್ರಾಂ ಫಾರ್ಮಾಲ್ಡಿಹೈಡ್‌ವರೆಗೆ ಒಪ್ಪುತ್ತದೆ. ಗ್ರೀನ್‌ಗಾರ್ಡ್ ಗೋಲ್ಡ್ ಸುಮಾರು 9ಕ್ಕೆ ನಿಲ್ಲಿಸುತ್ತದೆ. ಎರಡರ ಪರೀಕ್ಷಾ ವಿಧಾನ ಬೇರೆಬೇರೆಯಾದ್ದರಿಂದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಭಾಗಿಸಬಾರದು, ಆದರೂ ಯಾವುದು ಬಿಗಿಯಾದದ್ದು ಎಂಬುದು ಇದರಿಂದ ತಿಳಿಯುತ್ತದೆ.

ಈ ಗುರುತುಗಳೆಲ್ಲ ಮುಖ್ಯವಾಗಿ ಗಾಳಿಗೆ ಬರುವ ಆವಿಯನ್ನು ಅಳೆಯುತ್ತವೆ. ಥ್ಯಾಲೇಟ್, ಸೀಸಗಳಂಥ, ಆವಿಯಾಗದೆ ಅಥವಾ ಬಹಳ ನಿಧಾನವಾಗಿ ಆವಿಯಾಗಿ ದೂಳು ಸೇರುವ ವಸ್ತುಗಳಿಗೆ ಗಾಳಿಯ ಪರೀಕ್ಷೆಯೊಂದೇ ಉತ್ತರವಲ್ಲ. ಅದಕ್ಕೆ ಒಳಗೇನಿದೆ ಎಂಬ ಪಟ್ಟಿ ಬೇಕು. ಆದ್ದರಿಂದ ಮಾರಾಟಗಾರರಿಗೆ ಎರಡು ಕಾಗದಗಳನ್ನು ಕೇಳಿ: ಹೊರಸೂಸುವಿಕೆಯ ಪರೀಕ್ಷಾ ವರದಿ ಒಂದು, ಘಟಕಾಂಶಗಳ ಹೇಳಿಕೆ ಇನ್ನೊಂದು. ವರದಿಯ ಸಂಖ್ಯೆಯನ್ನು ಪ್ರಮಾಣೀಕರಿಸಿದ ಸಂಸ್ಥೆಯ ಪಟ್ಟಿಯಲ್ಲಿ ನೀವೇ ತಾಳೆ ನೋಡಿ. 2015ರಲ್ಲಿ ಅಮೆರಿಕದ ದೂರದರ್ಶನ ವರದಿಯೊಂದು ಫಾರ್ಮಾಲ್ಡಿಹೈಡ್ ಮಿತಿ ಮೀರಿದ ಲ್ಯಾಮಿನೇಟ್ ಹಲಗೆಗಳನ್ನು ಬಯಲಿಗೆಳೆದಾಗ, ಆ ಪೆಟ್ಟಿಗೆಗಳ ಮೇಲೂ ನಿಯಮ ಪಾಲಿಸಿದೆ ಎಂಬ ಮುದ್ರೆ ಇತ್ತು.

ಹಂತ 6: ಅಂಟು, ಅಡಿಹಾಸು, ಪಾಲಿಶ್

ಎಚ್ಚರಿಕೆಯಿಂದ ಆರಿಸಿದ ಕಾರ್ಕನ್ನು ಕೆಲಸದವರು ತಮ್ಮ ಡಬ್ಬಿಯ ದ್ರಾವಕದ ಅಂಟಿನಿಂದ ಅಂಟಿಸಿಬಿಟ್ಟರೆ ಎಲ್ಲ ಶ್ರಮವೂ ಮಣ್ಣುಪಾಲು. ಯಾವ ಅಂಟು ಎಂಬುದನ್ನು ಒಪ್ಪಂದದಲ್ಲೇ ಬರೆಸಿ. ಜರ್ಮನಿಯಲ್ಲಿ ಆರಂಭವಾದ ಎಮಿಕೋಡ್ ಎಂಬ ಗುರುತಿನ ಇಸಿ1 ಪ್ಲಸ್ ದರ್ಜೆಯ ಅಂಟಿನಲ್ಲಿ 28 ದಿನಗಳ ನಂತರ ಒಟ್ಟು ಆವಿ ಘನ ಮೀಟರಿಗೆ 60 ಮೈಕ್ರೊಗ್ರಾಂ ಮೀರಬಾರದು. ಅಂಟೇ ಬೇಡದ, ಒಂದಕ್ಕೊಂದು ಸಿಕ್ಕಿಸುವ ಹಲಗೆಗಳು ಈ ಪ್ರಶ್ನೆಯನ್ನೇ ತಪ್ಪಿಸುತ್ತವೆ, ಆದರೆ ಅವುಗಳ ಒಡಲಿನಲ್ಲಿ ನಾರಿನ ಹಲಗೆ ಇರುವುದು ಹೆಚ್ಚು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕು. ಅಡಿಹಾಸಿಗೆ ಕಾರ್ಕ್ ಅಥವಾ ಉಣ್ಣೆಯ ಫೆಲ್ಟ್ ಸಾಕು; ಚೂರು ನೊರೆಗಳನ್ನು ಒತ್ತಿ ಮಾಡಿದ ಮರುಬಳಕೆಯ ಹಾಸನ್ನು ಬಿಡಿ.

ಮರಕ್ಕೆ ನೀರು ಆಧಾರಿತ ಲೇಪನವೋ ಗಟ್ಟಿಯಾಗುವ ಮೇಣ-ಎಣ್ಣೆಯೋ ಸಾಕು. ಎರಡು ಡಬ್ಬಿ ಬೆರೆಸಿ ಬಳಿಯುವ ಕೆಲವು ಲೇಪನಗಳ ಗಟ್ಟಿಕಾರಿಯಲ್ಲಿ ಐಸೊಸಯನೇಟ್ ಇರುತ್ತದೆ. ಬಳಿಯುವವರಿಗೆ ಅದರಿಂದ ಆಸ್ತಮಾ ಬರಬಹುದು, ಅದು ಒಣಗುವವರೆಗೆ ಮಕ್ಕಳು ಆ ಮನೆಯಲ್ಲಿರಬಾರದು. ವಿಷಯ ಸ್ವಲ್ಪ ಬೇರೆಯಾದರೂ ಒಂದು ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಬಿಸಾಡಿದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ.

ಹಂತ 7: ಹಾಕಿಸುವ ದಿನಗಳನ್ನು ಯೋಜಿಸಿ

ಹಲಗೆಗಳ ಪೆಟ್ಟಿಗೆಗಳನ್ನು ತಯಾರಕರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ಮೂರು ದಿನ, ಕೋಣೆಯಲ್ಲೇ ಇಟ್ಟು ಹವೆಗೆ ಹೊಂದಿಕೊಳ್ಳಲು ಬಿಡಿ. ಟೈಲು, ಕಲ್ಲು, ಕಾಂಕ್ರೀಟ್ ಕೊಯ್ಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದಾದ್ದರಿಂದ ಕೊಯ್ಯುವ ಕೆಲಸ ನೀರು ಹಾಕಿಕೊಂಡು, ಹೊರಗೆ ನಡೆಯಲಿ. ಕೆಲಸ ಮುಗಿದ ಮೇಲೆ ಎದುರು ಬದುರಿನ ಕಿಟಕಿಗಳನ್ನು ತೆರೆದು ಗಾಳಿ ಹಾಯಿಸಿ. ಬೇಗ ಆವಿಯಾಗುವ ವಸ್ತುಗಳ ಪಾಲು ಮೊದಲ ಕೆಲವು ವಾರಗಳಲ್ಲಿ ಹೆಚ್ಚು, ಆಮೇಲೆ ಇಳಿಯುತ್ತ ಹೋಗುತ್ತದೆ. ಸಾಧ್ಯವಾದರೆ ಮಗು ಆ ಕೋಣೆಗೆ ಹೋಗುವುದನ್ನು ಎರಡರಿಂದ ನಾಲ್ಕು ವಾರ ಮುಂದೂಡಿ. ಲೇಪನ ಕೈಗೆ ಒಣಗಿದಂತೆ ಅನ್ನಿಸಿದರೂ ಪೂರ್ತಿ ಗಟ್ಟಿಯಾಗಲು ಹೆಚ್ಚು ಕಾಲ ಬೇಕು. ಅಲ್ಲಿಯವರೆಗೆ ಅದರ ಮೇಲೆ ಜಮಖಾನ ಹಾಸಬೇಡಿ, ಹಾಸಿದರೆ ಆವಿ ಅಡಿಯಲ್ಲೇ ಸಿಕ್ಕಿಬೀಳುತ್ತದೆ. ಉಳಿದ ಒಂದು ತುಂಡನ್ನೂ ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆಯನ್ನೂ ಎತ್ತಿಡಿ, ಮುಂದೆ ಅನುಮಾನ ಬಂದರೆ ಪರೀಕ್ಷೆಗೆ ಕಳುಹಿಸಲು ಬೇಕಾಗುತ್ತದೆ.

ಹಂತ 8: ದಿನನಿತ್ಯದ ಆರೈಕೆ

ದೂಳೇ ಮುಖ್ಯ ದಾರಿಯಾದ್ದರಿಂದ ಒಣ ಪೊರಕೆಯಿಂದ ಗುಡಿಸಿ ಅದನ್ನು ಗಾಳಿಗೆ ಎಬ್ಬಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸುವುದು, ಅಥವಾ ಸೂಕ್ಷ್ಮ ದೂಳನ್ನೂ ಹಿಡಿಯುವ ಹೆಪಾ ಶೋಧಕವಿರುವ ವ್ಯಾಕ್ಯೂಮ್ ಬಳಸುವುದು ಒಳ್ಳೆಯದು. ಹೊರಗಿನ ಚಪ್ಪಲಿ, ಬೂಟುಗಳು ಬಾಗಿಲಲ್ಲೇ ಉಳಿಯಲಿ. ಲಿನೋಲಿಯಂಗೆ ತೀಕ್ಷ್ಣ ಕ್ಷಾರದ ದ್ರಾವಣ ಆಗದು. ಮೃದುವಾದ ಸಾಬೂನು ನೀರು ಸಾಕು. ಘಾಟು ವಾಸನೆಯ ನೆಲ ಒರೆಸುವ ದ್ರಾವಣಗಳನ್ನು ಸುರಿದರೆ, ನೆಲಹಾಸಿನಲ್ಲಿ ತಪ್ಪಿಸಿದ್ದನ್ನು ಬಕೆಟ್ಟಿನಲ್ಲಿ ತಂದಂತಾಗುತ್ತದೆ. ವಿನೈಲ್ ಅಂಚು ಮೇಲೆದ್ದಿದ್ದರೆ, ಲ್ಯಾಮಿನೇಟಿನ ಸಂದು ನೀರು ಕುಡಿದು ಉಬ್ಬಿದ್ದರೆ ಆ ಹಲಗೆಯನ್ನು ಬದಲಿಸಿ. ನೊರೆ ಚಾಪೆಗಳನ್ನು ತಿಂಗಳಿಗೊಮ್ಮೆ ಎತ್ತಿ, ಅಡಿಯ ನೆಲ ಒರೆಸಿ, ಅಂಚುಗಳನ್ನು ಬೆರಳಿನಿಂದ ತಡವಿ ನೋಡಿ; ಪುಟ್ಟ ಹಲ್ಲಿನ ಗುರುತು ಸಿಕ್ಕ ತುಂಡನ್ನು ಅಂದೇ ಹೊರಗೆ ಹಾಕಿ.